ನಿಷ್ಠೆ ಇರಲಿ, ಬಾಕಿ ಬೇಡ



ಇಲ್ಲಿ ಕೂತಿರೋರಲ್ಲಿ ಎಷ್ಟು ಜನ ಮೊದಲ ಸಲ ಏರ್ ಡೆಕ್ಕನ್‌ನಲ್ಲಿ ವಿಮಾನ ಹತ್ತಿದ್ದೀರಿ? ಕೈ ಎತ್ತಿ ನೋಡೋಣ. ಹಾಂ, ನಲವತ್ತು ದಾಟಿದವರೆಲ್ಲ ಎತ್ತಿದ್ರಿ!

2006ರಲ್ಲಿ ನಾನು ದೆಹಲಿಯಲ್ಲಿ ಕೆಲಸದಲ್ಲಿದ್ದೆ. ಊರು ಹುಬ್ಬಳ್ಳಿ. ಅವ್ವನನ್ನ ಬೆಂಗಳೂರಿನ ಮೇಲೆ ಹಾಯಿಸಿ ಡೆಕ್ಕನ್‌ನಲ್ಲೇ ಕರಕೊಂಡು ಬಂದೆ. ಆಗ ಅದರಲ್ಲಿ ಸೀಟ್ ನಂಬರ್ ಇರ್ತಿರಲಿಲ್ಲ. ಅವ್ವ ಓಡಿ ಹೋಗಿ, ಬಸ್ಸಿನಲ್ಲಿ ಟವೆಲ್ ಹಾಕಿ ಜಾಗ ಹಿಡಿದ ಹಾಗೆ, ಕಿಟಕಿ ಸೀಟಿನ ಮೇಲೆ ಬುತ್ತಿ ಗಂಟು ಇಟ್ಟು, "ಬಾರೋ ಯಪ್ಪಾ, ಸೀಟ್ ಹಿಡದೇನಿ" ಅಂತ ಕೂಗಿದಳು. ರೊಟ್ಟಿ, ಶೇಂಗಾ ಚಟ್ನಿ ತಿಂತಾ ದೆಹಲಿ ಮುಟ್ಟಿದೆವು.

ಮರುವರ್ಷ ಬೆಳಗಿನ ಜಾವ ಫೋನ್ ಬಂತು. ಅಪ್ಪನಿಗೆ ಹುಷಾರಿಲ್ಲ. ಸಂಜೆಯೊಳಗೆ ನಾನು ಅವರ ಹಾಸಿಗೆ ಪಕ್ಕ ಇದ್ದೆ. ಇನ್ನೂ ಮೂರು ದಿನ ಮಾತಾಡಿದರು. ರೈಲು ಹಿಡಿದಿದ್ರೆ ಆ ಮೂರರಲ್ಲಿ ಎಷ್ಟು ದಿನ ಸಿಗ್ತಿತ್ತು, ನೀವೇ ಲೆಕ್ಕ ಹಾಕಿ. ಅವತ್ತಿನಿಂದ ಆ ಕಂಪನಿ ಬಗ್ಗೆ ಯಾರು ಏನಂದ್ರೂ ನನಗೆ ಸಿಟ್ಟು ಬರ್ತಿತ್ತು.

ಆದರೆ ತಪ್ಪುಗಳು ಕಣ್ಣಿಗೆ ರಾಚುತ್ತಿದ್ದವು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಸಣ್ಣ ಎಟಿಆರ್ ವಿಮಾನಗಳಿಂದ ಶುರು ಮಾಡಿ, ಸಾಮಾನ್ಯ ಮನುಷ್ಯನನ್ನ ಆಕಾಶಕ್ಕೆ ಏರಿಸಿದರು. ಒಂದು ರೂಪಾಯಿಗೂ ಟಿಕೆಟ್ ಮಾರಿದರು. ಖರ್ಚು ಮಾತ್ರ ರೂಪಾಯಿ ಲೆಕ್ಕದಲ್ಲಿ ಬರಲ್ಲ. ನಷ್ಟ ಬೆಳೀತು. 2007ರಲ್ಲಿ ವಿಜಯ್ ಮಲ್ಯ ಅವರ ಯುಬಿ ಗ್ರೂಪ್ ಷೇರು ಕೊಂಡಿತು.

ಯಾಕೆ ಕೊಂಡರು? ಆಗಿನ ನಿಯಮದ ಪ್ರಕಾರ ವಿದೇಶಕ್ಕೆ ಹಾರಬೇಕಾದರೆ ದೇಶದೊಳಗೆ 5 ವರ್ಷ ಹಾರಿರಬೇಕು, 20 ವಿಮಾನ ಇರಬೇಕು. ಕಿಂಗ್‌ಫಿಷರ್ ಶುರುವಾಗಿದ್ದು 2005ರಲ್ಲಿ, ಅಂದ್ರೆ 2010ರ ತನಕ ಕಾಯಬೇಕಿತ್ತು. ಡೆಕ್ಕನ್‌ಗೆ 2008ಕ್ಕೇ 5 ವರ್ಷ ತುಂಬುತ್ತಿತ್ತು. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು–ಲಂಡನ್ ವಿಮಾನ ಹಾರಿತು. ಅದೇ ವರ್ಷ ಜುಲೈನಲ್ಲಿ ಕಚ್ಚಾ ತೈಲ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತ್ತು. ಅಗ್ಗದ ಡೆಕ್ಕನ್ 'ಕಿಂಗ್‌ಫಿಷರ್ ರೆಡ್' ಆಯ್ತು. ಒಂದೇ ಮನೇಲಿ ಖಾನಾವಳಿ, ಅಲ್ಲೇ ಸ್ಟಾರ್ ಹೋಟೆಲ್! ಆ ಕಡೆ 2006ರಲ್ಲಿ ಬಂದ ಇಂಡಿಗೋ ಒಂದೇ ಮಾದರಿಯ ವಿಮಾನ, ಒಂದೇ ಥರದ ಸೇವೆ ಅಂತ ಸುಮ್ಮನೆ ಬೆಳೀತಾ ಇತ್ತು.

ಇದೆಲ್ಲ ಗೊತ್ತಿದ್ದೂ ನಾನು ಅಲ್ಲೇ ಟಿಕೆಟ್ ತಗೋತಿದ್ದೆ. ಆಫೀಸಿನಲ್ಲಿ ಬೇರೆಯವರ ಪ್ಲಾನ್‌ನಲ್ಲಿ ಹುಳುಕು ಹುಡುಕೋ ನಾನು, ಈ ವಿಷಯಕ್ಕೆ ಮಾತ್ರ ವಕೀಲಿಕೆ ಮಾಡ್ತಿದ್ದೆ. ಪಾಯಿಂಟ್ಸ್ ಗುಡ್ಡೆ ಹಾಕಿದ್ದೆ. ಒಂದಿನ ಅವ್ವ ಕೇಳಿದಳು: "ಅವನ್ನ ಇಟಗೊಂಡು ಏನ್ ಮಾಡ್ತಿ? ಗಾಳಿ ಬಂದಾಗ ತೂರ್ಕೋಬೇಕ." ಅವಳ ಓಡಾಟಕ್ಕೇ ಎಲ್ಲಾ ಖರ್ಚು ಮಾಡಿದೆ.

2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು. ಅಷ್ಟೊತ್ತಿಗೆ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಇರಲಿಲ್ಲ. 2019ರ ಏಪ್ರಿಲ್‌ನಲ್ಲಿ ಜೆಟ್ ನಿಂತಾಗಲೂ ಅದೇ ಕತೆ. ನಾನು ಕಳಕೊಂಡಿದ್ದು ಒಂದು ಅಭ್ಯಾಸ, ಅವರು ಕಳಕೊಂಡಿದ್ದು ಮನೆ ಸಾಗಿಸೋ ದುಡ್ಡು. 'ಮುಂದಿನ ತಿಂಗಳು ಸರಿ ಹೋಗುತ್ತೆ' ಅಂತ ಕಾದವರದ್ದೂ ನಿಷ್ಠೆಯೇ ಅಲ್ವಾ?

ಐಟಿಯಲ್ಲಿರೋ ನಮಗೂ ಇದು ಹೊಸದಲ್ಲ. ಮೊದಲ ಕೆಲಸ ಕೊಟ್ಟ ಕಂಪನಿ ಮೇಲೆ ಪ್ರೀತಿ ಇರುತ್ತೆ, ಇರಲಿ. ಉಪಕಾರ ಮರೀಬಾರದು. ಆದರೆ ಋಣ ಇದೆ ಅಂತ ಅದರ ತಪ್ಪು ಲೆಕ್ಕಕ್ಕೆ ಸಹಿ ಹಾಕಬೇಡಿ. ಪಾಯಿಂಟ್ ಇದ್ರೆ ಬಳಸಿ. ರಜೆ ಇದ್ರೆ ತಗೊಳ್ಳಿ. ಸಂಬಳ ಎರಡನೇ ತಿಂಗಳೂ ತಡವಾಯ್ತಾ? ಬೇರೆ ಬಾಗಿಲು ತಟ್ಟಿ. ಅದು ದ್ರೋಹ ಅಲ್ಲ.

ನನಗೆ ಡೆಕ್ಕನ್ ಮೇಲೆ ಇವತ್ತಿಗೂ ಅಭಿಮಾನವಿದೆ. ಅಪ್ಪನ ಜೊತೆ ಮೂರು ದಿನ ಕೊಟ್ಟ ವಿಮಾನ ಅದು. ಆ ಋಣ ಯಾವ ಬ್ಯಾಲೆನ್ಸ್ ಶೀಟ್‌ನಲ್ಲೂ ಬರಲ್ಲ. ಆದರೆ ಈಗ ಟಿಕೆಟ್ ಮಾಡಿಸುವಾಗ ಬೆಲೆ, ಸಮಯ ಎರಡೂ ನೋಡ್ತೀನಿ. ಅವ್ವ ಮಾತ್ರ ಈಗಲೂ ಮೊದಲು ಕಿಟಕಿ ಸೀಟೇ ಕೇಳೋದು.