ಎಚ್‌ಟಿ-2ರ ಮೈಯಲ್ಲಿ ಅಡಗಿದ ಬಿರುಕು

ಮಕ್ಕಳೇ, ನಿಮ್ಮ ಮಟಕಿ ಊರಿನಿಂದ ಸೊಲ್ಲಾಪುರ ಬಹಳ ದೂರವೇನಲ್ಲ. ಮನೆಯವರು ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋಗಿ ಬಂದಿರುತ್ತಾರೆ. ಆ ಊರಿನ ಉದ್ಯಮಿ ವಾಲಚಂದ್ ಹೀರಾಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ನೆರವು ಪಡೆದು ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆರೆದರು. ಈಗಿನ ಎಚ್‌ಎಎಲ್ ಅದೇ. ಭಾರತದವರೇ ವಿನ್ಯಾಸ ಮಾಡಿ ಕಟ್ಟಿದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಅಲ್ಲಿಂದ ಮೊದಲ ಸಲ ಮೇಲೇರಿತು. ವಿನ್ಯಾಸದ ಹೊಣೆ ಹೊತ್ತವರು ಡಾ. ವಿ. ಎಂ. ಘಾಟಗೆ. ಗಾಳಿಯ ಹರಿವಿನ ಗುಟ್ಟು ಬಿಡಿಸಿದ ವಿಜ್ಞಾನಿ ಲುಡ್‌ವಿಗ್ ಪ್ರಾಂಟ್ಲ್ ಅವರ ಬಳಿ ಜರ್ಮನಿಯಲ್ಲಿ ಕಲಿತು ಬಂದವರು ಅವರು.

ಒಂದರ ಹಿಂದೊಂದು ಎರಡು ಸೀಟು, ಒಂದು ಕಲಿಯುವವರಿಗೆ, ಇನ್ನೊಂದು ಕಲಿಸುವವರಿಗೆ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 10.7 ಮೀಟರ್. ಜನ, ಪೆಟ್ರೋಲು ಎಲ್ಲ ಸೇರಿ ತೂಕ ಸುಮಾರು ಒಂದು ಟನ್. ಇಂಥ 150ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ನಮ್ಮ ಬೀದರಿನ ವಾಯುನೆಲೆಯಲ್ಲಿ ಎಷ್ಟೋ ಯುವಕರು ಹಾರಾಟದ ಓನಾಮ ಕಲಿತದ್ದು ಇದರಲ್ಲೇ.

ಇಂಥ ಹಳೆಯ ವಿಮಾನವನ್ನು ಮತ್ತೆ ಸರಿಪಡಿಸುವುದೆಂದರೆ ತೊಳೆದು ಬಣ್ಣ ಬಳಿಯುವುದಷ್ಟೇ ಅಲ್ಲ. ಬಣ್ಣ ಕೊನೆಯ ಕೆಲಸ. ಮೊದಲು ಅದರ ಮೈಯಲ್ಲಿ ಎಲ್ಲೆಲ್ಲಿ ನೋವಿದೆ ಎಂದು ಹುಡುಕಬೇಕು.

ದೊಡ್ಡ ಪ್ರಯಾಣಿಕರ ವಿಮಾನ ಒಮ್ಮೆ ಏರಿದರೆ ಗಂಟೆಗಟ್ಟಲೆ ಹಾರಿ ಒಮ್ಮೆ ಇಳಿಯುತ್ತದೆ. ತರಬೇತಿ ವಿಮಾನದ ಪಾಡು ಬೇರೆ. ಏರು, ಒಂದು ಸುತ್ತು ಹಾಕು, ಇಳಿ, ಮತ್ತೆ ಏರು. ಹೊಸಬರು ಇಳಿಸುವಾಗ ಚಕ್ರ ನೆಲಕ್ಕೆ ಧಡ್ ಎಂದು ಬಡಿಯುವುದೂ ಉಂಟು. ಆ ಪೆಟ್ಟು ಚಕ್ರದ ಕಾಲಿನಿಂದ ರೆಕ್ಕೆಯ ಜೋಡಣೆಯವರೆಗೂ ಹೋಗುತ್ತದೆ. ತೆಳು ತಂತಿಯ ತುಂಡೊಂದನ್ನು ಒಂದೇ ಜಾಗದಲ್ಲಿ ಅತ್ತ ಇತ್ತ ಬಾಗಿಸುತ್ತಾ ಹೋಗಿ. ಮೊದಮೊದಲು ಏನೂ ಆಗದು, ಆಮೇಲೆ ಟಕ್ಕನೆ ತುಂಡಾಗುತ್ತದೆ. ಅದು ಒಮ್ಮೆಗೇ ಮುರಿದದ್ದಲ್ಲ. ಕಣ್ಣಿಗೆ ಕಾಣದ ಬಿರುಕೊಂದು ಹುಟ್ಟಿ, ಪ್ರತಿ ಬಾಗಿಗೂ ಚೂರು ಚೂರು ಬೆಳೆದಿತ್ತು. ಇದನ್ನು ಲೋಹದ ದಣಿವು ಎನ್ನುತ್ತಾರೆ. ಮನುಷ್ಯರ ದಣಿವು ನಿದ್ದೆ ಮಾಡಿದರೆ ಹೋಗುತ್ತದೆ, ಲೋಹದ್ದು ಹೋಗುವುದಿಲ್ಲ.

ಆ ಬಿರುಕನ್ನು ಹಿಡಿಯುವ ಉಪಾಯ ನನಗೆ ತುಂಬಾ ಇಷ್ಟ. ಭಾಗವನ್ನು ಬಿಚ್ಚಿ, ಬಣ್ಣ ಜಿಡ್ಡು ಎಲ್ಲ ತೆಗೆದು, ಅದರ ಮೇಲೆ ಕಡುಕೆಂಪು ದ್ರವ ಸವರುತ್ತಾರೆ. ದ್ರವ ಬಹಳ ತೆಳು. ಕೂದಲಿಗಿಂತ ಸಣ್ಣ ಸಂದಿಯಿದ್ದರೂ ತಾನಾಗಿ ಒಳಗೆ ನುಗ್ಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮೇಲಿನದನ್ನೆಲ್ಲ ಒರೆಸುತ್ತಾರೆ. ಈಗ ಲೋಹ ಮತ್ತೆ ಹೊಳೆಯುತ್ತದೆ, ಕೆಂಪು ಎಲ್ಲೂ ಇಲ್ಲ. ಆಮೇಲೆ ಬಿಳಿ ಪುಡಿಯ ತೆಳು ಲೇಪ. ಕಾಯುತ್ತಾ ನಿಂತರೆ ಬಿಳುಪಿನ ಮೇಲೆ ನಿಧಾನಕ್ಕೆ ಒಂದು ಕೆಂಪು ಗೆರೆ ಮೂಡುತ್ತದೆ. ಬಿರುಕಿನೊಳಗೆ ಅವಿತಿದ್ದ ದ್ರವವನ್ನು ಪುಡಿ ಹೊರಗೆ ಹೀರಿಕೊಂಡಿದೆ! ನಿಮ್ಮ ಮನೆಯ ಹಳೆಯ ಪಿಂಗಾಣಿ ಕಪ್ಪಿನಲ್ಲಿ ಚಹಾ ಇಳಿದು ಕಂದು ಗೆರೆ ಎದ್ದಿರುತ್ತದಲ್ಲ, ಅದೇ ಕೆಲಸ ಇಲ್ಲಿ ಬೇಕೆಂದೇ ಮಾಡಿದ್ದು. ನಿಮ್ಮ ಪಾಠದಲ್ಲಿ ಬರುವ ಲೋಮನಾಳ ಕ್ರಿಯೆ ಇದೇ.

ಇನ್ನೊಂದು ಶತ್ರು ಜಂಗು. ಅಲ್ಯೂಮಿನಿಯಂ ಗಾಳಿ ತಾಗಿದೊಡನೆ ಮೈಮೇಲೆ ತೆಳು ಪದರ ಕಟ್ಟಿಕೊಂಡು ತನ್ನನ್ನು ತಾನೇ ಕಾಯುತ್ತದೆ. ಆದರೆ ಅದು ಮೆತ್ತನೆಯ ಲೋಹ. ವಿಮಾನಕ್ಕೆ ಬೇಕಾದ ಗಟ್ಟಿತನಕ್ಕಾಗಿ ಅದಕ್ಕೆ ತಾಮ್ರ ಬೆರೆಸುತ್ತಾರೆ. ಬೆರೆಸಿದರೆ ಬಲ ಬರುತ್ತದೆ, ಜಂಗು ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಉಕ್ಕಿನ ಬೋಲ್ಟು ತಾಗುವ ಕಡೆ ಮಳೆನೀರು ನಿಂತರಂತೂ ಎರಡು ಲೋಹ ಮತ್ತು ನೀರು ಸೇರಿ ಪುಟ್ಟ ಬ್ಯಾಟರಿಯೇ ಆಗಿ, ಅಲ್ಯೂಮಿನಿಯಂ ಸವೆಯುತ್ತದೆ. ಬಣ್ಣದ ಕೆಳಗೆ ಗುಳ್ಳೆ ಎದ್ದು, ಕೆರೆದರೆ ಬಿಳಿ ಪುಡಿ ಉದುರುತ್ತದೆ. ರೆಕ್ಕೆಯ ಒಳಮೂಲೆಗಳನ್ನು ಟಾರ್ಚು ಮತ್ತು ಉದ್ದ ಹಿಡಿಕೆಯ ಪುಟ್ಟ ಕನ್ನಡಿ ಹಿಡಿದು ಇಣುಕಿ ನೋಡಬೇಕು.

ಕೆಟ್ಟ ತಗಡು ಬದಲಿಸಬೇಕಾದರೆ ಹಳೆಯ ರಿವಿಟ್ಟುಗಳ ತಲೆ ಕೊರೆದು ತೆಗೆದು, ಹೊಸವನ್ನು ಬಡಿಯಬೇಕು. ಕೆಲವು ಬಗೆಯ ರಿವಿಟ್ಟುಗಳನ್ನು ಕಾಯಿಸಿ, ಥಟ್ಟನೆ ತಣಿಸಿ, ಬಡಿಯುವವರೆಗೂ ಫ್ರೀಜರಿನಲ್ಲಿ ಇಡುತ್ತಾರೆ ಎಂದರೆ ನಂಬುತ್ತೀರಾ? ತಾಮ್ರ ಬೆರೆತ ಅಲ್ಯೂಮಿನಿಯಂ ಕಾಯಿಸಿ ತಣಿಸಿದಾಗ ಮೆತ್ತಗಿದ್ದು, ಸುಮ್ಮನೆ ಇಟ್ಟರೆ ತಾನಾಗಿ ಗಟ್ಟಿಯಾಗುತ್ತಾ ಹೋಗುತ್ತದೆ. ಆಲ್ಫ್ರೆಡ್ ವಿಲ್ಮ್ ಎಂಬ ಜರ್ಮನ್ ವಿಜ್ಞಾನಿ 1906ರಲ್ಲಿ ಕಂಡುಕೊಂಡದ್ದು ಇದನ್ನು. ಚಳಿಯಲ್ಲಿಟ್ಟರೆ ಆ ಬದಲಾವಣೆ ನಿಧಾನವಾಗುತ್ತದೆ. ಹೊರಗೆ ತೆಗೆದ ಕೆಲವೇ ನಿಮಿಷಗಳಲ್ಲಿ ಬಡಿದು ಮುಗಿಸಬೇಕು. ಒಬ್ಬರು ಮುಂದಿನಿಂದ ಬಡಿಯುತ್ತಾರೆ, ಇನ್ನೊಬ್ಬರು ಹಿಂದಿನಿಂದ ಭಾರದ ಕಬ್ಬಿಣ ಒತ್ತಿ ಹಿಡಿಯುತ್ತಾರೆ.

ಮೈ ಸರಿಯಾದ ಮೇಲೆ ಎಂಜಿನ್ನಿನ ಸರದಿ. ಎಚ್‌ಟಿ-2ರ ಸಿರಸ್ ಮೇಜರ್ ಎಂಜಿನ್ನಿನ ನಾಲ್ಕು ಸಿಲಿಂಡರುಗಳು ತಲೆಕೆಳಗಾಗಿ ಇಳಿಬಿದ್ದಿವೆ. ವಿಮಾನ ಸುಮ್ಮನೆ ನಿಂತಾಗ ಎಣ್ಣೆ ಇಳಿದು ಅವುಗಳಲ್ಲಿ ಸೇರಿಕೊಳ್ಳಬಹುದು. ಗಾಳಿಯನ್ನು ಅದುಮಬಹುದು, ಎಣ್ಣೆಯನ್ನು ಅದುಮಲಾಗದು. ಹಾಗೇ ಶುರು ಮಾಡಿದರೆ ಒಳಗಿನ ರಾಡೇ ಬಾಗೀತು. ಅದಕ್ಕೇ ಬಲ್ಲ ಮೆಕ್ಯಾನಿಕ್ ಸ್ವಿಚ್ ಆರಿಸಿ, ಮೊದಲು ಪ್ರೊಪೆಲ್ಲರನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೋಡುತ್ತಾರೆ.

ಸರಿಪಡಿಸಿದ ಹಳೆಯ ವಿಮಾನ ಮತ್ತೆ ಹಾರಬೇಕೋ, ಮ್ಯೂಸಿಯಂನಲ್ಲಿ ನಿಲ್ಲಬೇಕೋ? ಉಕ್ಕಿನ ಕೊಳವೆ, ಮರ ಮತ್ತು ಬಟ್ಟೆಯಿಂದಾದ ಟೈಗರ್ ಮಾತ್ ತರಬೇತಿ ವಿಮಾನವೊಂದನ್ನು ನಮ್ಮ ವಾಯುಪಡೆ ಬ್ರಿಟನ್ನಿನಲ್ಲಿ ಸರಿಪಡಿಸಿ ತರಿಸಿತು. 2012ರ ವಾಯುಪಡೆ ದಿನದಂದು ಅದು ಹಿಂಡನ್‌ನಲ್ಲಿ ಹಾರಿತು. ಹಾರುವ ವಿಮಾನದಲ್ಲಿ ಸಂಶಯ ಬಂದ ಭಾಗವನ್ನು ಬದಲಿಸಲೇಬೇಕು. ಹಾಗೆ ಬದಲಿಸುತ್ತಾ ಹೋದರೆ ಹಳೆಯ ಕೈಗಳು ಮಾಡಿದ ಭಾಗಗಳು ಕಡಿಮೆಯಾಗುತ್ತವೆ. ಮ್ಯೂಸಿಯಂನಲ್ಲಿ ನಿಲ್ಲುವ ವಿಮಾನಕ್ಕೆ ಆ ಒತ್ತಾಯವಿಲ್ಲ. ಒಂದು ಹಾರಬೇಕು, ಇನ್ನೊಂದು ಹಳೆಯ ಮೈಯಲ್ಲೇ ನಿಲ್ಲಬೇಕು ಎನ್ನುವವನು ನಾನು. ಬೆಂಗಳೂರಿಗೆ ಹೋದಾಗ ಹಳೆಯ ವಿಮಾನ ನಿಲ್ದಾಣದ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ಎಚ್‌ಟಿ-2 ಅಲ್ಲಿದೆ. ಮುಟ್ಟದೆ, ಹತ್ತಿರ ಬಾಗಿ, ರೆಕ್ಕೆಯ ರಿವಿಟ್ಟಿನ ಸಾಲುಗಳನ್ನು ನೋಡಿ.