ಘಾಟಿಯ ಕಾಡು ಮತ್ತು ನಮ್ಮ ಬಾವಿಯ ನೀರು
(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ಜನವರಿಯ ಪ್ರವಾಸ ನಿಮಗೆಲ್ಲ ನೆನಪುಂಟಲ್ಲ? ಕಾರ್ಕಳ, ಬಜಗೋಳಿ ದಾಟಿ, ಮಾಳದಿಂದ ಘಾಟಿ ಹತ್ತಿ, ಕುದುರೆಮುಖದ ದಾರಿಯಾಗಿ ಕಳಸಕ್ಕೆ ಹೋಗಿದ್ದೆವು. ಗೇಟಿನಲ್ಲಿ ಅರಣ್ಯ ಇಲಾಖೆಯವರು ಬಸ್ಸು ನಿಲ್ಲಿಸಿ, "ದಾರಿಯಲ್ಲಿ ಎಲ್ಲೂ ನಿಲ್ಲಬೇಡಿ, ಏನನ್ನೂ ಬಿಸಾಡಬೇಡಿ" ಎಂದರು. ಆಯ್ತು ಆಯ್ತು ಎಂದೆವು. ಸ್ವಲ್ಪ ಮೇಲೆ ಹತ್ತಿದ ಮೇಲೆ ಒಂದು ತಿರುವಿನಲ್ಲಿ ಮಂಗಗಳು ಕಂಡವು. ಹೊಟ್ಟೆಗೆ ಮರಿಯನ್ನು ಅಂಟಿಸಿಕೊಂಡು ಒಂದು ತಾಯಿ ಮಂಗ ಕಟ್ಟೆಯ ಮೇಲೆ ಕೂತಿತ್ತು. "ಪಾಪ, ಬಾಣಂತಿ" ಎಂದು ಯಾರೋ ಹೇಳಿದರು. ಬಸ್ಸು ನಿಧಾನ ಮಾಡಿಸಿ ಕಿಟಕಿಯಿಂದ ಬಾಳೆಹಣ್ಣು ಎಸೆದೆವು. ಹಣ್ಣು ಬಿದ್ದದ್ದು ರಸ್ತೆಯ ನಡುವೆ. ಮಂಗ ಹಾರಿತು, ಅದೇ ಹೊತ್ತಿಗೆ ಮೇಲಿನಿಂದ ಒಂದು ಜೀಪು ಇಳಿದು ಬಂತು. ಡ್ರೈವರ್ ಬ್ರೇಕ್ ಹಾಕಿದ್ದರಿಂದ ಒಂದು ಗೇಣಿನ ಅಂತರದಲ್ಲಿ ತಾಯಿ, ಮರಿ ಎರಡೂ ಉಳಿದವು. ಬಸ್ಸಿನಲ್ಲಿ ಹಾಡು ನಿಂತುಹೋಯಿತು.

ಆ ತಪ್ಪಿನಲ್ಲಿ ಸಂಸ್ಥೆಯ ಕಾರ್ಯಕರ್ತೆಯರಾದ ನಾವೂ ಇದ್ದೆವು. ಬೇಡ ಎಂದು ಹೇಳಬೇಕಾದವರೇ ಹಣ್ಣು ಸುಲಿದು ಕೊಟ್ಟೆವು. ಆದ್ದರಿಂದ ಈ ಸಲ ಲೆಕ್ಕಪತ್ರದ ವಿಷಯ ಮುಗಿದ ಮೇಲೆ ಆ ಘಾಟಿಯ ಬಗ್ಗೆಯೇ ಮಾತಾಡೋಣ ಎಂದುಕೊಂಡೆವು.

ಕುದುರೆಮುಖ ರಾಷ್ಟ್ರೀಯ ಉದ್ಯಾನ ಎಂದಾಗ, ಹೂಗಿಡ ನೆಟ್ಟು ಬೆಂಚು ಹಾಕಿದ ಪಾರ್ಕು ಎಂದು ನಮ್ಮಲ್ಲಿ ಕೆಲವರು ಎಣಿಸಿದ್ದರು. ಹಾಗಲ್ಲ. ನಾವು ಬಸ್ಸಿನಲ್ಲಿ ದಾಟಿದ ಆ ಕಾಡು, ಹುಲ್ಲುಗುಡ್ಡ, ತೊರೆ ಎಲ್ಲ ಸೇರಿ ಉದ್ಯಾನ. ವಿಸ್ತಾರ ಸುಮಾರು 600 ಚದರ ಕಿಲೋಮೀಟರ್. ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಮೂರು ಜಿಲ್ಲೆಗಳಿಗೆ ಹರಡಿದೆ. ಸರಕಾರ ಇದನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಪ್ರಕಟಿಸಿತು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ಇದೂ ಇತ್ತು. ಮೇಲಿನ ಗುಡ್ಡದ ತುದಿ ಒಂದು ಕಡೆಯಿಂದ ಕುದುರೆಯ ಮುಖದ ಹಾಗೆ ಕಾಣುತ್ತದೆ, ಹೆಸರು ಬಂದದ್ದು ಅದರಿಂದ.

ಈಗ ನಮಗೆ ಬೇಕಾದ ವಿಷಯ, ನೀರು. ಈ ಗುಡ್ಡಗಳ ಮೇಲೆ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ. ಎಲ್ಲವನ್ನೂ ಒಂದೇ ಕಡೆ ನಿಲ್ಲಿಸಿದರೆ ಎರಡು ಅಂತಸ್ತಿನ ಮನೆ ಮುಳುಗುವಷ್ಟು. ಅಷ್ಟೂ ನೀರು ಸುರಿದ ಕೂಡಲೇ ಕೆಳಗೆ ಓಡಿ ಬಂದರೆ ನಮ್ಮ ಗತಿ ಏನು? ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ಒಂದು ಕೊಡಪಾನ ನೀರನ್ನು ಸಿಮೆಂಟಿನ ಅಂಗಳಕ್ಕೆ ಸುರಿಯಿರಿ, ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಅದು ಚರಂಡಿ ಸೇರಿರುತ್ತದೆ. ಅದೇ ನೀರನ್ನು ಸೊಪ್ಪಿನ ಗೊಬ್ಬರದ ರಾಶಿಗೆ ಸುರಿಯಿರಿ, ಮರುದಿನ ಕೈ ಹಾಕಿದರೂ ಒಳಗೆ ತಂಪು ಇರುತ್ತದೆ. ಘಾಟಿಯ ಕಾಡು ಆ ಗೊಬ್ಬರದ ರಾಶಿಯ ಹಾಗೆ. ಮಳೆ ಮೊದಲು ಬೀಳುವುದು ಎಲೆಯ ಮೇಲೆ, ಅಲ್ಲಿಂದ ಕೊಂಬೆ, ಕಾಂಡ, ಕೊನೆಗೆ ತರಗೆಲೆಯ ಹಾಸು. ಬೇರಿನ ಸಂದಿಯಲ್ಲಿ ನೀರು ಇಳಿದು ತಿಂಗಳುಗಟ್ಟಲೆ ಜಿನುಗುತ್ತದೆ.

ಮೇಲೆ ಹೋದಾಗ "ಇಲ್ಲಿ ಕಾಡೇ ಇಲ್ಲ, ಬರೀ ಹುಲ್ಲು, ಯಾರೋ ಮರ ಕಡಿದಿದ್ದಾರೆ" ಎಂದು ಹಲವರು ಹೇಳಿದಿರಿ. ಯಾರೂ ಕಡಿದದ್ದಲ್ಲ. ಅಲ್ಲಿ ಗಾಳಿ ಬಡಿಯುವ ನೆತ್ತಿಯಲ್ಲಿ ಹುಲ್ಲು, ಎರಡು ಗುಡ್ಡಗಳ ನಡುವಿನ ಮಡಿಲಲ್ಲಿ ದಟ್ಟ ಕಾಡು. ಇದಕ್ಕೆ ಶೋಲಾ ಕಾಡು ಎನ್ನುತ್ತಾರೆ. ಹುಲ್ಲಿನ ಬೇರು ಮಣ್ಣನ್ನು ಹಿಡಿಯುತ್ತದೆ, ಮಡಿಲಿನ ಕಾಡು ನೀರನ್ನು ಹಿಡಿಯುತ್ತದೆ. ಹಾಗಾಗಿ ಬೇಸಗೆಯಲ್ಲಿ ಹುಲ್ಲಿಗೆ ಕಿಡಿ ಬಿದ್ದು ಗುಡ್ಡ ಉರಿದರೆ ಸುಡುವುದು ಹುಲ್ಲು ಮಾತ್ರ ಅಲ್ಲ. ಬೀಡಿ ಸೇದಿ ಎಸೆಯುವ ಗಂಡಸರಿಗೂ ಇದನ್ನು ನೀವು ಹೇಳಬೇಕು.

ಆ ಗುಡ್ಡಸಾಲಿನಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ನೇತ್ರಾವತಿ ನಮ್ಮ ಕಡೆ ಇಳಿದು ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. ತುಂಗೆ, ಭದ್ರೆ ಇಬ್ಬರೂ ಆಚೆ ಕಡೆ ಹರಿದು, ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಒಂದಾಗಿ, ತುಂಗಭದ್ರೆಯಾಗಿ ಹೊಸಪೇಟೆಯ ಅಣೆಕಟ್ಟು ತುಂಬಿಸಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತಾರೆ. ಅಂಗಡಿಯಲ್ಲಿ ಗಂಗಾವತಿ ಅಕ್ಕಿ ಕೊಳ್ಳುವಾಗ ನಾವು ಉಣ್ಣುವುದೂ ಈ ಘಾಟಿಯ ನೀರನ್ನೇ. ಮಂಗಳೂರಿನ ನಲ್ಲಿಗೆ ನೀರು ಬರುವುದು ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. 2016ರ ಬೇಸಗೆಯಲ್ಲಿ ಅಲ್ಲಿ ನೀರು ತಳ ಕಂಡು, ಪೇಟೆಯಲ್ಲಿ ದಿನ ಬಿಟ್ಟು ದಿನ ಕೊಡಪಾನ ಹಿಡಿದು ಕಾಯಬೇಕಾಯಿತು. ಕಾದವರು ಯಾರು? ಹೆಂಗಸರೇ.

ಕುದುರೆಮುಖ ಪಟ್ಟಣದಲ್ಲಿ ಖಾಲಿ ಬಿದ್ದ ಮನೆಗಳನ್ನು ನೋಡಿದಿರಲ್ಲ, ಅದರ ಕತೆಯೂ ನೀರಿನದೇ. 1976ರಲ್ಲಿ ಕಬ್ಬಿಣದ ಅದಿರಿನ ಕಂಪೆನಿ ಸ್ಥಾಪನೆಯಾಯಿತು. ಗುಡ್ಡ ಕಡಿದು, ಅದಿರನ್ನು ಅರೆದು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. ಭದ್ರೆಯ ಬುಡದಲ್ಲೇ ಗಣಿ, ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುತ್ತಿತ್ತು. ಪರಿಸರದವರು ಹೋರಾಡಿದರು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಕೆಲಸ ಹೋದ ಮನೆಗಳ ಕಷ್ಟ ಸಣ್ಣದಲ್ಲ, ಅದನ್ನು ನಾವು ಮರೆಯುವುದಿಲ್ಲ. ಆದರೂ ಗಣಿ ನಿಂತದ್ದು ಸರಿ ಎಂದೇ ನಮ್ಮ ಅಭಿಪ್ರಾಯ. ಕಡಿದ ಗುಡ್ಡವನ್ನು ಯಾವ ಪರಿಹಾರದ ಹಣವೂ ಪುನಃ ಕಟ್ಟಿಕೊಡುವುದಿಲ್ಲ.

ಇನ್ನು ಮಂಗನ ವಿಷಯ. ನಾವು ಹಣ್ಣು ಎಸೆದದ್ದು ಊರಲ್ಲೂ ಕಾಣುವ ಸಾಮಾನ್ಯ ಮಂಗಕ್ಕೆ. ಅದೇ ಕಾಡಿನ ಒಳಗೆ ಸಿಂಗಳೀಕ ಉಂಟು. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ಬಾಲದ ತುದಿಗೆ ಸಿಂಹದ ಹಾಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಅದರ ಕಾಡು ಇಲ್ಲ. ಡಾ. ಉಲ್ಲಾಸ ಕಾರಂತರು ಎಂಬತ್ತರ ದಶಕದಲ್ಲಿ ಈ ಪ್ರಾಣಿಯ ಸಮೀಕ್ಷೆ ನಡೆಸಿದ್ದೂ ಇಲ್ಲಿ ಉದ್ಯಾನವಾಗಲು ಒಂದು ಕಾರಣ. ಸಿಂಗಳೀಕ ಮರದಿಂದ ಮರಕ್ಕೆ ಹೋಗುತ್ತದೆ, ನೆಲಕ್ಕೆ ಇಳಿಯುವುದು ಅಪರೂಪ. ಐದೂವರೆ ತಿಂಗಳ ಗರ್ಭ, ಒಂದೇ ಮರಿ, ಮುಂದಿನ ಮರಿಗೆ ವರ್ಷಗಳ ಅಂತರ. ಒಂದು ತಾಯಿ ಸತ್ತರೆ ಆ ಗುಂಪಿಗೆ ಎಷ್ಟು ನಷ್ಟ ಎಂದು ಲೆಕ್ಕ ಹಾಕಿ. ತಮಿಳುನಾಡಿನ ವಾಲ್ಪಾರೈಯಲ್ಲಿ ಕಾಡು ತುಂಡಾಗಿ, ಜನರ ತಿಂಡಿಯ ರುಚಿ ಹತ್ತಿ, ಸಿಂಗಳೀಕಗಳು ರಸ್ತೆಗೆ ಇಳಿದಿವೆ, ಗಾಡಿಯಡಿಗೆ ಬಿದ್ದು ಸಾಯುತ್ತಿವೆ. ನಮ್ಮ ಘಾಟಿಯಲ್ಲಿ ಅಂಥ ಅಭ್ಯಾಸ ಮಾಡಿಸುವವರು ನಾವಾಗುವುದು ಬೇಡ.

ಅಲ್ಲಿ ಮಂಗಟ್ಟೆ ಹಕ್ಕಿಯೂ ಉಂಟು. ಅದರ ಬಾಣಂತನ ಕೇಳಿದರೆ ನಗು ಬರುತ್ತದೆ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕೂತು, ಕೊಕ್ಕು ತೂರುವಷ್ಟು ಸಂದಿ ಬಿಟ್ಟು ಬಾಗಿಲು ಮೆತ್ತಿಕೊಳ್ಳುತ್ತದೆ. ಗಂಡು ಹಕ್ಕಿ ವಾರಗಟ್ಟಲೆ ಹಣ್ಣು ತಂದು ಸಂದಿಯಿಂದ ಉಣಿಸಬೇಕು. (ಇದನ್ನು ಮನೆಯಲ್ಲೂ ಹೇಳಿ.) ಅದು ತಿನ್ನುವ ಹಣ್ಣಿನಲ್ಲಿ ರಾಮಪತ್ರೆಯೂ ಒಂದು. ಹಕ್ಕಿ ದೂರ ಒಯ್ದು ಬೀಜ ಉದುರಿಸಿದಲ್ಲಿ ಹೊಸ ಗಿಡ ಏಳುತ್ತದೆ. ರಾಮಪತ್ರೆಗೆ ಬೆಲೆ ಉಂಟೆಂದು ಕೊಂಬೆಯನ್ನೇ ಕಡಿದು ಕಾಯಿ ಇಳಿಸುವವರಿದ್ದಾರೆ. ಆ ಮೇಲೆ ಹಕ್ಕಿಗೂ ಇಲ್ಲ, ಮುಂದಿನ ವರ್ಷ ಅವರಿಗೂ ಇಲ್ಲ.

ನಮ್ಮ ಕೆಲವು ಸಂಘಗಳವರು ಉಪ್ಪಾಗೆ ಹುಳಿ ಒಣಗಿಸಿ ಮಾರುತ್ತೀರಿ. ಒಳ್ಳೆಯ ಆದಾಯ, ಬಿಡಿ ಎಂದು ನಾವು ಹೇಳುವುದಿಲ್ಲ. ಆದರೆ ಕಾಯಿ ಬರುವುದು ಮಳೆಗಾಲದಲ್ಲಿ, ಬೆಂಕಿಯ ಮೇಲೆಯೇ ಒಣಗಿಸಬೇಕು, ಅದಕ್ಕೆ ಹೋಗುವ ಕಟ್ಟಿಗೆ ಎಷ್ಟೆಂದು ನಿಮಗೇ ಗೊತ್ತು. ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಕೆಲವರ ಅಡುಗೆಮನೆಯಲ್ಲಿ ಉಂಟು. ಕಟ್ಟಿಗೆ ಕಡಿಮೆ ಸಾಕು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಹುಳಿ ಒಣಗಿಸಲೂ ಇಂಥ ಒಲೆಗೆ ಸಂಘದಿಂದ ಸಾಲ ಕೊಡಬಹುದೇ ಎಂದು ಚರ್ಚೆ ಮಾಡಿ. ಇನ್ನೊಂದು, ಹಿತ್ತಲಲ್ಲಿ ಉಪ್ಪಾಗೆ ನೆಡುವವರು ಕಸಿ ಗಿಡವನ್ನೇ ನೆಡಿ. ಬೀಜದ ಗಿಡ ವರ್ಷಗಟ್ಟಲೆ ಸಾಕಿದ ಮೇಲೆ ಗಂಡು ಗಿಡ ಎಂದು ತಿಳಿದರೆ ಕಾಯಿಯೇ ಇಲ್ಲ. ತರಗೆಲೆ ಗುಡಿಸಲು ಹೋಗುವವರಿಗೂ ಒಂದು ಮಾತು. ಡಿಸೆಂಬರಿನಿಂದ ಮೇ ತನಕ ಕಾಡಿನ ಉಣ್ಣೆಯಿಂದ ಮಂಗನ ಕಾಯಿಲೆ ಬರುವ ಸಮಯ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕಾಡಿನ ಒಳಗೆ ಮನೆ ಇರುವವರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಮಲೆಕುಡಿಯರು ಉದ್ಯಾನ ಆಗುವ ಎಷ್ಟೋ ಮೊದಲೇ ಅಲ್ಲಿದ್ದವರು. ಕೆಲವರು ಪರಿಹಾರ ಪಡೆದು ಹೊರಗೆ ಬಂದರು, ಕೆಲವರು ಅಲ್ಲೇ ಇದ್ದಾರೆ. ಕಾಡು ಉಳಿಯಬೇಕು ಎಂದು ಕೆಳಗೆ ಕೂತು ಹೇಳುವ ನಾವು, ಅಲ್ಲಿನ ಬಸುರಿಗೆ ಆಸ್ಪತ್ರೆ ಎಷ್ಟು ದೂರ ಎಂದೂ ಕೇಳಬೇಕು. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಜಮೀನಿನ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೂ ಜಂಟಿಯಾಗಿ ಬರಬೇಕು. ಗ್ರಾಮಸಭೆ ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಅಂಥ ಊರಿನ ಸಹೋದರಿಯರು ಗ್ರಾಮಸಭೆಗೆ ತಪ್ಪದೆ ಹೋಗಿ, ಕಾಗದದಲ್ಲಿ ನಿಮ್ಮ ಹೆಸರು ಉಂಟೋ ಎಂದು ನೋಡಿ. ಓದಲು ಬಾರದಿದ್ದರೆ ನಮ್ಮನ್ನು ಕರೆಯಿರಿ, ಬರುತ್ತೇವೆ.

ಮುಂದಿನ ಪ್ರವಾಸವೂ ಘಾಟಿಯ ದಾರಿಯಲ್ಲೇ ಎಂದು ನೀವು ತೀರ್ಮಾನ ಮಾಡಿದ್ದೀರಿ. ಸಂತೋಷ. ಊಟ ಸ್ಟೀಲ್ ಡಬ್ಬಿಯಲ್ಲಿ, ನೀರು ಮನೆಯ ಬಾಟಲಿಯಲ್ಲಿ. ತಿನ್ನುವುದೆಲ್ಲ ಬಜಗೋಳಿಯಲ್ಲೋ ಕಳಸದಲ್ಲೋ, ನಡುವೆ ಇಲ್ಲ. ಘಾಟಿಯಲ್ಲಿ ಬಸ್ಸಿನ ಕಿಟಕಿ ಹಾಕಿರಬೇಕು. ಬಾಳೆಹಣ್ಣಿನ ಗೊನೆ ಈ ಸಲ ಡ್ರೈವರಿನ ಪಕ್ಕದ ಸೀಟಿನಲ್ಲಿ, ನಮ್ಮ ಕೈಗೆ ಸಿಗದ ಹಾಗೆ.