ಹೋರಿಯ ಮೈಕಟ್ಟು ನೋಡಿದರೆ ಸಾಕೇ?

ಒಂದು ಹಸು ಗಬ್ಬ ನಿಲ್ಲದಿದ್ದರೆ ನಷ್ಟ ಒಂದು ಕರುವಿನದು. ಬೀಜದ ಹೋರಿಯೇ ಕೈಕೊಟ್ಟರೆ ಇಡೀ ಹಿಂಡಿಗೇ ಕರು ಇಲ್ಲ. ಹಾಗಿದ್ದೂ ಹೋರಿಯನ್ನು ಪರೀಕ್ಷೆಗೆ ಒಡ್ಡುವ ಪದ್ಧತಿ ತೀರಾ ಈಚಿನದು. ಅದು ಬೆಳೆದು ಬಂದ ಬಗೆಯನ್ನು ನೋಡೋಣ ಬನ್ನಿ.

ಹಿಂದೆ ಹೋರಿ ಆರಿಸುತ್ತಿದ್ದದ್ದು ಕಣ್ಣಳತೆಯಲ್ಲೇ: ಹಿಣಿಲು, ಕೊಂಬು, ಬಣ್ಣ, ಸುಳಿ. 1677ರಲ್ಲೇ ಹಾಲೆಂಡಿನ ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳನ್ನು ಕಂಡಿದ್ದ. ಆದರೆ ಆ ತಿಳಿವು ಕೊಟ್ಟಿಗೆ ತಲುಪಲು ಎರಡೂವರೆ ಶತಮಾನ ಹಿಡಿಯಿತು. 1920ರ ದಶಕದಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ವಿಲಿಯಮ್ಸ್, 1934ರಲ್ಲಿ ಸ್ವೀಡನ್ನಿನ ಲಾಗರ್‌ಲೋಫ್, ಹೋರಿಗಳ ವೀರ್ಯಾಣುಗಳ ಆಕಾರವನ್ನೇ ಕೂಲಂಕಷವಾಗಿ ಪರಿಶೀಲಿಸಿದರು. ತಲೆ ಸೊಟ್ಟಗಿರುವ, ಬಾಲ ಸುರುಳಿಗಟ್ಟಿದ ವೀರ್ಯಾಣುಗಳು ಹೆಚ್ಚಿದರೆ ಹಸು ಗಬ್ಬ ನಿಲ್ಲುವುದು ಕಷ್ಟ ಎಂಬುದು ಖಚಿತವಾಯಿತು.

ಅಷ್ಟರಲ್ಲಿ ಕೃತಕ ಗರ್ಭಧಾರಣೆ ಬಂತು. ಭಾರತದಲ್ಲಿ ಅದು ಮೊದಲು ನಡೆದದ್ದು ನಮ್ಮ ಮೈಸೂರಿನ ಅರಮನೆ ಡೈರಿ ಫಾರ್ಮಿನಲ್ಲಿ. 1939ರಲ್ಲಿ, ಸಂಪತ್ ಕುಮಾರನ್ ಅವರ ಕೈಯಲ್ಲಿ. ಒಂದೇ ಹೋರಿಯ ವೀರ್ಯ ಊರೂರಿಗೆ ಹೋಗತೊಡಗಿದಾಗ ಅದರ ದೋಷವೂ ಊರೂರಿಗೆ ಹೋಗುತ್ತದೆ. ಪರೀಕ್ಷೆ ಅನಿವಾರ್ಯವಾದದ್ದು ಹೀಗೆ.

1954ರಲ್ಲಿ ಅಮೆರಿಕದ ರಾಕಿ ಪರ್ವತ ಸೀಮೆಯ ಪಶುವೈದ್ಯರು ಇದಕ್ಕೆಂದೇ ಒಂದು ಸಂಘ ಕಟ್ಟಿದರು. ಅದರಿಂದ ಬೆಳೆದ ಸಂಸ್ಥೆ 1993ರಲ್ಲಿ ಹೊರತಂದ ಅಳತೆಗೋಲು ಹೆಸರುವಾಸಿ. ವೈದ್ಯರು ಹೋರಿಯ ಹಿಂದೆ ನಿಂತು, ಎರಡೂ ಬೀಜಗಳನ್ನು ಚೀಲದ ತಳಕ್ಕೆ ಮೆತ್ತಗೆ ಇಳಿಸಿ, ಅತಿ ದಪ್ಪ ಇರುವಲ್ಲಿ ಟೇಪು ಸುತ್ತುತ್ತಾರೆ. 15 ತಿಂಗಳೊಳಗಿನ ಹೋರಿಗೆ ಸುತ್ತಳತೆ ಕನಿಷ್ಠ 30 ಸೆಂಟಿಮೀಟರ್, ಎರಡು ವರ್ಷ ದಾಟಿದ್ದಕ್ಕೆ 34. ವೀರ್ಯಾಣುಗಳಲ್ಲಿ ಶೇ. 30ರಷ್ಟಾದರೂ ಮುಂದಕ್ಕೆ ಈಜಬೇಕು, ಶೇ. 70ರಷ್ಟಕ್ಕೆ ಸರಿಯಾದ ಆಕಾರ ಇರಬೇಕು. ಜತೆಗೆ ಕಾಲು, ಗೊರಸು, ಕಣ್ಣಿನ ತಪಾಸಣೆ. ಕುಂಟುವ ಹೋರಿ ಹಸುವಿನ ಮೇಲೇರಲಾರದು.

ಒಂದು ಎಚ್ಚರಿಕೆ. ವೀರ್ಯಾಣು ತಯಾರಾಗಲು ಸುಮಾರು ಎರಡು ತಿಂಗಳು ಬೇಕು. ಇಂದು ಬಂದ ಜ್ವರದ ಪೆಟ್ಟು ವಾರಗಳು ಕಳೆದ ಮೇಲೂ ವೀರ್ಯದಲ್ಲಿ ಕಾಣಬಹುದು. ಹಾಗಾಗಿ ಒಮ್ಮೆ ಫೇಲಾದ ಹೋರಿಯನ್ನು ತಕ್ಷಣ ಮಾರಬೇಡಿ, ಎರಡು ತಿಂಗಳು ಬಿಟ್ಟು ಮತ್ತೆ ತೋರಿಸಿ. ಒಮ್ಮೆ ಪಾಸಾದದ್ದನ್ನೂ ಪ್ರತಿ ವರ್ಷ ಪರೀಕ್ಷೆ ಮಾಡಿಸಿ. ಹಸುಗಳು ತಿರುತಿರುಗಿ ಬೆದೆಗೆ ಬರುತ್ತಿದ್ದರೆ ಅವುಗಳನ್ನು ದೂರುವ ಮೊದಲು ಹೋರಿಯನ್ನು ಪಶುವೈದ್ಯರಿಗೆ ತೋರಿಸಿ.